ಕಂಠದಾನದ ಕೆಲಸ ಹುಡುಕುವ ಬಗೆ

ಪರದೆಯ ಮೇಲೆ ತುಟಿಯಾಡಿಸುವವನೊಬ್ಬ, ಅವನಿಗೆ ಮಾತು ಕೊಡುವವನು ಮತ್ತೊಬ್ಬ. ಇದೇ ಕಂಠದಾನ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡಲು ಕರ್ನಾಟಕದಲ್ಲಿ ದಶಕಗಳ ಕಾಲ ಅಡ್ಡಿಯಿದ್ದಿತು. ಆ ತಡೆ ಸಲ್ಲದೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ತೀರ್ಪಿತ್ತಿತು. 2020ರಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿಯು ಕನ್ನಡ ನುಡಿಯುತ್ತ ಮನೆಮನೆಗೆ ಬಂದಿತು. ಹೀಗೆ ಕನ್ನಡ ಕಂಠಕ್ಕೆ ಹೊಸ ದುಡಿಮೆಯೊದಗಿತು. ಧ್ವನಿಮುದ್ರಣದ ಸ್ಟುಡಿಯೋಗಳು ಅಂಧೇರಿಯಲ್ಲಿಯೂ ಉಂಟು. ಬದಲಾಪುರದವರು ದಾದರಿನಲ್ಲಿ ಗಾಡಿ ಬದಲಿಸಿ ಹೋಗಬಹುದು.

ಮೊದಲು ನಾಲಗೆಯನ್ನು ತಿದ್ದಿಕೊಳ್ಳತಕ್ಕದ್ದು. ‘ಹಾಲು’ ‘ಆಲು’ ಆಗಬಾರದು. ‘ಬೆಳೆ’ ‘ಬೆಲೆ’ ಆಗಬಾರದು. ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಗಟ್ಟಿಯಾಗಿ ಓದಿರಿ.

ಬಳಿಕ ಮಾದರಿ. ಫ್ಯಾನು ನಿಲ್ಲಿಸಿ, ಬಟ್ಟೆ ತುಂಬಿದ ತೆರೆದ ಕಪಾಟಿನೆದುರು ಮೊಬೈಲಿನಲ್ಲಿ ಮಾತು ಮುದ್ರಿಸಿರಿ. ಬಟ್ಟೆಯು ಮಾರ್ದನಿಯನ್ನು ಹೀರುವುದು. ಸುದ್ದಿ, ಜಾಹೀರಾತು, ನಾಟಕದ ಸಂಭಾಷಣೆ—ಒಂದೊಂದೂ ಒಂದು ನಿಮಿಷ ಮೀರದಿರಲಿ. ಇನ್‌ಸ್ಟಾಗ್ರಾಮ್, ಲಿಂಕ್ಡ್‌ಇನ್‌ಗಳಲ್ಲಿ ಇವನ್ನು ಏರಿಸಿ, ಬಲ್ಲ ಭಾಷೆಗಳನ್ನು ನಮೂದಿಸಿರಿ. ಕನ್ನಡದೊಡನೆ ಮರಾಠಿ, ಹಿಂದಿ ಬಲ್ಲುದೂ ಒಂದು ಬಂಡವಾಳವೇ. ಸ್ಟುಡಿಯೋಗಳಿಗೆ ನಾಲ್ಕು ಸಾಲಿನ ವಿನಯದ ಪತ್ರ ಸಾಕು.

ಎಚ್ಚರಿಕೆಯೂ ಬೇಕು. ಕೆಲಸ ಕೊಡಲು ‘ನೋಂದಣಿ ಶುಲ್ಕ’ ಕೇಳುವವರನ್ನು ನಂಬಬೇಡಿರಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ. ಈಗ ಯಂತ್ರಗಳು ಮನುಷ್ಯರ ಧ್ವನಿಯನ್ನು ನಕಲು ಮಾಡಬಲ್ಲವು. ಆದುದರಿಂದ ನಿಮ್ಮ ಧ್ವನಿಯನ್ನು ಎಲ್ಲಿ, ಎಷ್ಟು ಕಾಲ ಬಳಸುವರೆಂಬುದನ್ನು ಕರಾರಿನಲ್ಲಿ ಓದಿಯೇ ಸಹಿ ಹಾಕಿರಿ.

ಕೆಲಸ ನೆಲೆಗೊಳ್ಳುವವರೆಗೆ ಈಗಿನ ನೌಕರಿಯನ್ನು ಬಿಡುವುದು ಯುಕ್ತವಲ್ಲ. ಹೆಸರು ಕಂಠದಾನವಾದರೂ ಅದು ದಾನವಲ್ಲ, ದುಡಿಮೆ; ತಕ್ಕ ಕೂಲಿಯನ್ನು ಕೇಳಲು ಸಂಕೋಚವೇಕೆ?