ಮೊದಲು ಪುಟ ನೋಡು, ಆಮೇಲೆ ಮಾತು ಓದು

ಪುಟ್ಟೀ, ಈಚೆಗೆ ಓದಿದ ಗ್ರಾಫಿಕ್ ಕಾದಂಬರಿಗಳಲ್ಲಿ ಯಾವುದು ಚೆನ್ನಾಗಿದೆ ದೊಡ್ಡಮ್ಮಾ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಇವನ್ನು ಬಸ್ಸಿನಲ್ಲಿ ಕೂತು ಒಂದೇ ಉಸಿರಿಗೆ ಮುಗಿಸಬೇಡ. ಮಾತಿನ ಗುಳ್ಳೆಗಳನ್ನಷ್ಟೇ ಹೆಕ್ಕಿಕೊಂಡು ಓಡಿದರೆ ಅರ್ಧ ಕಥೆ ಹಿಂದೆಯೇ ಉಳಿಯುತ್ತದೆ.

ನಮ್ಮ ಕಣ್ಣಿಗೆ ಹಾಗೆ ಓಡುವುದೇ ರೂಢಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರಕಥೆಯನ್ನು ಕಟ್ಟಿ ನಿಲ್ಲಿಸಿದರು. ನಮ್ಮಂಥ ಎಷ್ಟೋ ಮನೆಗಳ ಮಕ್ಕಳು ಪುರಾಣ ಕಲಿತದ್ದೇ ಅದರಿಂದ, ಆ ಋಣ ದೊಡ್ಡದು. ಆದರೆ ಅಲ್ಲಿ ಮೇಲಿನ ಸಾಲು ಹೇಳಿದ್ದನ್ನೇ ಬಹುಮಟ್ಟಿಗೆ ಚಿತ್ರವೂ ಹೇಳುತ್ತದೆ. ನಾನೀಗ ಹೇಳುವ ಪುಸ್ತಕಗಳಲ್ಲಿ ಹಾಗಲ್ಲ, ಮಾತು ಬಾಯಿಬಿಡದ್ದನ್ನು ಚಿತ್ರ ಹೇಳುತ್ತದೆ.

‘ಭೀಮಾಯಣ’ದಿಂದ ಶುರುಮಾಡು. ಅಂಬೇಡ್ಕರರ ಬದುಕಿನ ಕಥೆ. 2011ರಲ್ಲಿ ನವಯಾನ ಪ್ರಕಾಶನ ಇಂಗ್ಲಿಷಿನಲ್ಲಿ ತಂದದ್ದು. ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರಗಳು ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ದಂಪತಿಯವು. ಪಾತ್ರಗಳನ್ನು ಚೌಕಗಳೊಳಗೆ ಕೂಡಿಹಾಕಲು ಇವರು ಒಪ್ಪಲಿಲ್ಲ. ತಮ್ಮವರು ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ಚಿತ್ತಾರವನ್ನೇ ಪುಟದಲ್ಲಿ ಹರಿಯಬಿಟ್ಟು ದೃಶ್ಯಗಳನ್ನು ಬೇರೆ ಮಾಡಿದರು. ಮಾತಿನ ಗುಳ್ಳೆಗಳನ್ನು ಹತ್ತಿರದಿಂದ ನೋಡು. ನೊಂದವರ, ಒಳ್ಳೆಯವರ ಮಾತು ಹಕ್ಕಿಯ ಆಕಾರದಲ್ಲಿರುತ್ತದೆ. ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿಯಿದೆ. ಯಾರ ನಾಲಿಗೆ ಎಂಥದೆಂದು ಓದುವ ಮೊದಲೇ ತಿಳಿಯುತ್ತದೆ. 1901ರಲ್ಲಿ ಅಪ್ಪನನ್ನು ಕಾಣಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಬಾಲಕ ಭೀಮನಿಗೂ ಜೊತೆಯ ಹುಡುಗರಿಗೂ ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ, ರಾತ್ರಿಯಿಡೀ ಕುಡಿಯಲು ನೀರು ಸಿಗಲಿಲ್ಲ. ಅದೇ ಹುಡುಗ ದೊಡ್ಡವನಾಗಿ 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ ಜನರನ್ನು ಕರೆದಾಗ, ಚಿತ್ರದಲ್ಲಿ ಧ್ವನಿವರ್ಧಕಗಳಿಂದ ಜನರ ಮೇಲೆ ನೀರು ಸುರಿಯುತ್ತದೆ. ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲು, ಪುಟ್ಟೀ.

ಆಮೇಲೆ ‘ಮೌಸ್’. ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪ ವ್ಲಾಡೆಕ್‌ನನ್ನು ಎದುರು ಕೂರಿಸಿಕೊಂಡು, ಪೋಲೆಂಡಿನ ಯೆಹೂದಿಯಾಗಿ ನಾಜಿಗಳ ಕಾಲದಲ್ಲಿ, ಆಷ್‌ವಿಟ್ಜ್‌ನಲ್ಲಿ ಅವನು ಹೇಗೆ ಜೀವ ಉಳಿಸಿಕೊಂಡ ಎಂದು ಕೇಳಿ ಬರೆದದ್ದು. ಎರಡು ಭಾಗ, 1986 ಮತ್ತು 1991ರಲ್ಲಿ ಬಂದವು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಯೆಹೂದಿಗಳು ಇಲಿ, ಜರ್ಮನರು ಬೆಕ್ಕು, ಪೋಲಿಷ್ ಜನ ಹಂದಿ. ತಲೆಮರೆಸಿಕೊಂಡು ಬೀದಿಗಿಳಿಯುವಾಗ ಗಂಡ ಹೆಂಡತಿ ಇಬ್ಬರೂ ಹಂದಿಯ ಮುಖವಾಡ ಕಟ್ಟಿಕೊಂಡಿರುತ್ತಾರೆ. ಹೆಂಡತಿ ಆನ್ಯಾಳನ್ನು ನೋಡಿದರೆ ಯೆಹೂದಿ ಎಂದು ಸುಲಭವಾಗಿ ಗೊತ್ತಾಗುತ್ತಿತ್ತು ಎನ್ನುತ್ತಾನೆ ವ್ಲಾಡೆಕ್. ಚಿತ್ರದಲ್ಲಿ ಅವಳ ಕೋಟಿನ ಕೆಳಗಿನಿಂದ ಉದ್ದನೆಯ ಇಲಿಬಾಲ ಇಣುಕುತ್ತಿದೆ. ಮಾತು ಓದಿ ಮುಂದೆ ಹೋದವರಿಗೆ ಆ ಬಾಲ ಕಾಣುವುದೇ ಇಲ್ಲ. ಕಂಡವರಿಗೆ ಅವಳು ಇಡುವ ಪ್ರತಿ ಹೆಜ್ಜೆಗೂ ಎದೆ ಡವಗುಟ್ಟುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಈ ಪುಸ್ತಕ ಹಿಡಿಯಬೇಡ.

ಮೂರನೆಯದು ಇರಾನಿನ ಮರ್ಜಾನ್ ಸತ್ರಾಪಿಯ ‘ಪರ್ಸೆಪೊಲಿಸ್’. ಬರೀ ಕಪ್ಪು ಬಿಳುಪು. ಇರಾಕ್ ಜೊತೆಗಿನ ಯುದ್ಧಕ್ಕೆ ಬಡ ಹುಡುಗರನ್ನು ಕಳಿಸುವಾಗ ಸ್ವರ್ಗದ ಬಾಗಿಲಿಗೆಂದು ಪ್ಲಾಸ್ಟಿಕ್ ಕೀಲಿಕೈ ಕೊಡುತ್ತಾರೆ. ಒಂದು ಪುಟದಲ್ಲಿ, ಮೇಲೆ ಆ ಹುಡುಗರು ಕೀಲಿಕೈ ಕೊರಳಲ್ಲಿದ್ದಂತೆಯೇ ಸಿಡಿಗುಂಡಿಗೆ ಸಿಕ್ಕಿ ಗಾಳಿಯಲ್ಲಿ ಚೆಲ್ಲಾಡುತ್ತಿದ್ದಾರೆ. ಕೆಳಗೆ ಮರ್ಜಿ, ಅಂದರೆ ಹುಡುಗಿಯಾಗಿದ್ದ ಸತ್ರಾಪಿಯೇ, ತನ್ನ ಮೊದಲ ಪಾರ್ಟಿಯಲ್ಲಿ ಕುಣಿಯುತ್ತಿದ್ದಾಳೆ. ಎರಡೂ ಕಡೆ ಕೈಕಾಲುಗಳ ಭಂಗಿ ಹೆಚ್ಚುಕಮ್ಮಿ ಒಂದೇ. ಎರಡನ್ನೂ ಒಟ್ಟಿಗೆ ಕಂಡರೆ ಮಾತ್ರ ಅದರ ಪೆಟ್ಟು ತಾಗುವುದು. ಅದಕ್ಕೇ ಇವನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಒಂದೊಂದೇ ಚೌಕ ಓದಬೇಡ ಎನ್ನುವುದು. ಬರೆದವರು ಪುಟವನ್ನು ಇಡಿಯಾಗಿ ಕಲ್ಪಿಸಿಕೊಂಡು ಬರೆದಿರುತ್ತಾರೆ.

ಬೆಲೆ ಜಾಸ್ತಿ, ನಿಜ. ಕೊಳ್ಳಬೇಕೆಂದೇನಿಲ್ಲ, ನಿನ್ನ ಕಾಲೇಜಿನ ಲೈಬ್ರರಿಗೆ ತರಿಸಿ ಎಂದು ಬರೆದುಕೊಡು, ಕೇಳುವವರಿದ್ದರೆ ತರಿಸುತ್ತಾರೆ. ಅಲ್ಲಿಯವರೆಗೆ ನನ್ನ ಕಪಾಟಿನಿಂದ ತೆಗೆದುಕೊಂಡು ಹೋಗು. ‘ಮೌಸ್’ನ ಎರಡೂ ಭಾಗಗಳನ್ನು ಒಟ್ಟಿಗೇ ಒಯ್ಯಿ. ಮೊದಲನೆಯದು ನಿಲ್ಲುವ ಜಾಗದಲ್ಲಿ ನಿನಗೆ ತಡೆದುಕೊಂಡು ಕೂರಲಾಗುವುದಿಲ್ಲ.