ಉಪಕಾರಸ್ಮರಣೆ: ಎಳೆಯರ ಪಾಠಶಾಲೆಗೆ ಒಂದು ಪಾಠ

ಪಂಚನಮಸ್ಕಾರ ಮಂತ್ರವನ್ನು ಕಲಿಸುವಾಗ ಚುರುಕಾದ ಮಗುವೊಂದು ಕೇಳಬಹುದಾದ ಪ್ರಶ್ನೆಯಿದೆ. ಸಿದ್ಧರು ಎಂಟು ಕರ್ಮಗಳನ್ನೂ ಕಳೆದವರು, ಅರಿಹಂತರು ನಾಲ್ಕನ್ನು ಮಾತ್ರ. ಹಾಗಿದ್ದೂ ಮೊದಲ ನಮಸ್ಕಾರ ಅರಿಹಂತರಿಗೇಕೆ? ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಇದಕ್ಕೆ ಸಮಾಧಾನ ನೀಡಿದ್ದಾರೆ. ಸಿದ್ಧರ ವಿಷಯವನ್ನು ನಮಗೆ ತಿಳಿಸಿಕೊಟ್ಟವರೇ ಅರಿಹಂತರು. ಆ ಉಪಕಾರದ ನೆನಪಿನಿಂದ ಅವರಿಗೆ ಮೊದಲ ಸ್ಥಾನ. ಮಗು ದಿನವೂ ಹೇಳುವ ಮಂತ್ರದ ಕ್ರಮದಲ್ಲಿಯೇ ಕೃತಜ್ಞತೆಯ ಪಾಠವಿರುವಾಗ ಬೇರೆ ನೀತಿಕಥೆಗಳನ್ನು ಹುಡುಕಬೇಕಾಗಿಲ್ಲ.

ಕೃತಜ್ಞನೆಂದರೆ ಮಾಡಿದ್ದನ್ನು ಬಲ್ಲವನು. ಅರಿವು ಮೊದಲು, ಮಾತು ಆಮೇಲೆ. ನಾವಾದರೋ "ಮಾಮನಿಗೆ ಥ್ಯಾಂಕ್ಸ್ ಹೇಳು" ಎಂದು ಮಗುವಿನ ಭುಜ ತಟ್ಟುತ್ತೇವೆ. ಯಾವುದಕ್ಕೆಂದು ತಿಳಿಯದೆಯೇ ಅದು ಹೇಳಿಬಿಡುತ್ತದೆ. ವಯನಾಡಿನ ನಮ್ಮ ಮಕ್ಕಳು ಶಾಲೆಯಲ್ಲಿ ಇದನ್ನೇ ಮಲಯಾಳದಲ್ಲಿ 'ನನ್ನಿ' ಎನ್ನುತ್ತಾರೆ. ಹಳಗನ್ನಡದಲ್ಲಿ ನನ್ನಿಯೆಂದರೆ ಸತ್ಯ. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಹೇಳಲು ಸೊಗಸಾದ ಮಾತಿದು.

ಐದಾರು ವರ್ಷದವರ ಅಂಗೈಯಲ್ಲಿ ಅಕ್ಷತೆಯ ನಾಲ್ಕು ಕಾಳುಗಳನ್ನಿರಿಸಿ, ಇವು ಎಲ್ಲಿಂದ ಬಂದವೆಂದು ಹಿಂದಹಿಂದಕ್ಕೆ ಕೇಳುತ್ತ ಹೋಗಬೇಕು. ಅಮ್ಮ, ಅಂಗಡಿ, ಮಿಲ್ಲು, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು. ಇಲ್ಲಿಯವರೆಗೆ ಯಾವ ಶಾಲೆಯಾದರೂ ಕರೆದೊಯ್ದೀತು. ನಮ್ಮ ಪಾಠಶಾಲೆ ಇನ್ನೊಂದು ಹೆಜ್ಜೆ ಹೋಗಬೇಕು. ಗದ್ದೆಯ ಮಣ್ಣು, ನೀರು, ಭತ್ತದ ಸಸಿ ಇವುಗಳಲ್ಲಿಯೂ ಏಕೇಂದ್ರಿಯ ಜೀವಗಳಿವೆ. ಜೀವಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯ ಹೇಳುವುದು ಆಗ ಮಗುವಿನ ಅಂಗೈಯಲ್ಲಿಯೇ ಕಾಣುತ್ತದೆ. ಅಜ್ಜಿ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ತೊಳೆದ ನೀರನ್ನು ಮತ್ತೆ ಅದೇ ಬಾವಿಗೆ ಸೇರಿಸುತ್ತಿದ್ದುದು ಏತಕ್ಕೆಂಬುದೂ ತಿಳಿಯುತ್ತದೆ. "ನಲ್ಲಿ ನಿಲ್ಲಿಸು" ಎಂಬ ಗದರಿಕೆಗಿಂತ ಇದು ಆಳಕ್ಕೆ ಇಳಿದೀತು.

ತುಸು ದೊಡ್ಡ ಮಕ್ಕಳಿಗೆ ರನ್ನನ ಕಥೆ ಹೇಳಬಹುದು. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ಆಶ್ರಯ ಪಡೆದು, 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಕವಿ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮಕ್ಕಳನ್ನು ಕರೆದಾಗಲೆಲ್ಲ ಉಪಕಾರಿಗಳ ಹೆಸರು ನಾಲಗೆಯ ಮೇಲೆ!

ಒಂದು ಎಚ್ಚರಿಕೆ ಅವಶ್ಯ. "ನಿನಗಾಗಿ ಎಷ್ಟೆಲ್ಲ ಕಷ್ಟಪಟ್ಟೆವು" ಎಂದು ಹಿರಿಯರು ಲೆಕ್ಕ ಒಪ್ಪಿಸತೊಡಗಿದರೆ ಮಗುವಿನಲ್ಲಿ ಹುಟ್ಟುವುದು ಕೃತಜ್ಞತೆಯಲ್ಲ, ಸಾಲಗಾರನ ಅಂಜಿಕೆ. ಅದರ ಬದಲು, ಪಾಠ ಮುಗಿದ ಮೇಲೆ ಚಾಪೆ ಮಡಚಿಟ್ಟ ಮಗುವಿನ ಉಪಕಾರವನ್ನು ಶಿಕ್ಷಕರೇ ಹೆಸರು ಹಿಡಿದು ಸ್ಮರಿಸಲಿ.

ಉತ್ಸವದ ಸಂಚಿಕೆಗಳಲ್ಲಿ ದಾನಿಗಳ ಹೆಸರುಗಳು ಅಚ್ಚಾಗುತ್ತವೆ, ಆಗಬೇಕಾದುದೇ. ಬಸದಿಯ ಅಂಗಳ ಗುಡಿಸುವವರ, ಉತ್ಸವದ ಪಾತ್ರೆಗಳನ್ನು ಬೆಳಗುವವರ ಹೆಸರುಗಳನ್ನು ಮಕ್ಕಳೇ ಹೋಗಿ ಕೇಳಿ ಬರೆದುಕೊಂಡು, ಈ ಬಾರಿ ಕೊನೆಯ ದಿನದ ಸಭೆಯಲ್ಲಿ ಓದಲಿ.