ವಾಲ್ವ್ ಸ್ಪ್ರಿಂಗ್ ಬದಲಾವಣೆ: ಗಿರಣಿಯ ಷೆಡ್ಡಿನಲ್ಲೇ ಆಗುವ ಕೆಲಸ

ಯಾದಗಿರಿ, ಶಹಾಪುರ, ಸುರಪುರ ಭಾಗದ ಉದ್ದಿಮೆಗಳಿಗೆ ವರ್ಷದಲ್ಲಿ ನಿಜವಾದ ದುಡಿಮೆಯ ಕಾಲವೆಂದರೆ ಕೆಲವೇ ವಾರಗಳು. ಹತ್ತಿ ಬಂದಾಗ ಜಿನ್ನಿಂಗ್ ಕಾರ್ಖಾನೆ, ತೊಗರಿ ಬಂದಾಗ ದಾಲ್ ಮಿಲ್, ಭತ್ತ ಬಂದಾಗ ಅಕ್ಕಿ ಗಿರಣಿ ಹಗಲಿರುಳು ನಡೆಯಬೇಕು. ಬಸವಸಾಗರದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರ ಸೀಮೆಯಲ್ಲಿ ಭತ್ತದ ಬೆಳೆ ಬೆಳೆದಂತೆ ಈ ಒತ್ತಡವೂ ಬೆಳೆಯಿತು. ಕರೆಂಟು ಹೋದಾಗ ಗಿರಣಿಗೆ ಆಸರೆಯಾಗುವುದು ಡೀಸೆಲ್ ಎಂಜಿನ್. ಕೃಷ್ಣಾ, ಭೀಮಾ ತೀರದಲ್ಲಿ ನೀರೆತ್ತುವ ರೈತನಿಗೂ ಅದೇ ಆಸರೆ. ಅಂಥ ಸಮಯದಲ್ಲಿ ಎಂಜಿನ್ ನಿಂತರೆ, ‘ಕಂಪ್ರೆಷನ್ ಹೋಗಿದೆ’ ಎಂದು ಹೆಡ್ ಬಿಚ್ಚಿ ಕಲಬುರಗಿಗೋ ರಾಯಚೂರಿಗೋ ಕಳಿಸುವುದು ರೂಢಿ. ಸುರಪುರದಿಂದ ಕಲಬುರಗಿ ಸುಮಾರು ನೂರು ಕಿಲೋಮೀಟರ್. ಹೆಡ್ ಹೋಗಿ ಬರುವಷ್ಟರಲ್ಲಿ ಅಂಗಳದ ಹಸಿ ಭತ್ತ ಬಿಸಿಯೇರಿ ಬಣ್ಣಗೆಡುತ್ತದೆ; ಮಾಲು ತಂದವನು ಬೇರೆ ಗಿರಣಿಯ ದಾರಿ ಹಿಡಿಯುತ್ತಾನೆ. ಇಷ್ಟಕ್ಕೆಲ್ಲ ಕಾರಣ ಕೆಲವೊಮ್ಮೆ ಅಂಗೈಯಲ್ಲಿ ಹಿಡಿಸುವ ಒಂದು ಸ್ಪ್ರಿಂಗ್ ಮಾತ್ರ.

ವಾಲ್ವನ್ನು ತೆರೆಯುವುದು ಕ್ಯಾಮ್, ಪುಶ್ ರಾಡ್ ಮತ್ತು ರಾಕರ್. ಅದನ್ನು ಮುಚ್ಚಿ ಸೀಟಿನ ಮೇಲೆ ಬಿಗಿಯಾಗಿ ಕೂರಿಸುವುದು ಸ್ಪ್ರಿಂಗ್. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪ್ರತಿ ವಾಲ್ವ್ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಸ್ಪ್ರಿಂಗ್ ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ, ಎಂಟು ಗಂಟೆಯ ಒಂದು ಪಾಳಿಯಲ್ಲಿ 3,60,000 ಸಲ ಅದುಮಿಕೊಂಡು ಬಿಚ್ಚಿಕೊಳ್ಳುತ್ತದೆ. ನಿಮಿಷಕ್ಕೆ 650 ಸುತ್ತಿನ ಹಳೆಯ ಲಿಸ್ಟರ್ ಮಾದರಿಯ ಎಂಜಿನ್ನುಗಳಲ್ಲಿ ಈ ದುಡಿಮೆ ಅರ್ಧಕ್ಕಿಂತ ಕಡಿಮೆ. ಅವು ದೀರ್ಘಕಾಲ ಬಾಳುವುದಕ್ಕೆ ಇದೂ ಒಂದು ಕಾರಣ. ಉಕ್ಕು ಎಷ್ಟೇ ಒಳ್ಳೆಯದಾದರೂ ಬಿಸಿಯಲ್ಲಿ ದುಡಿದು ದುಡಿದು ಕುಗ್ಗುತ್ತದೆ. ಮಳೆಗಾಲದಲ್ಲಿ ನಿಂತ ಎಂಜಿನ್ನಿನ ಸ್ಪ್ರಿಂಗಿಗೆ ತುಕ್ಕಿನ ಚುಕ್ಕೆ ಬಿದ್ದರೆ ಬಿರುಕು ಅಲ್ಲಿಂದಲೇ ಆರಂಭ. ಹೆಚ್ಚು ನೀರು ಬರಲೆಂದು ಗವರ್ನರನ್ನು ಬಿಗಿದು ವೇಗ ಏರಿಸುವ ಚಾಳಿಯೂ ಸ್ಪ್ರಿಂಗಿಗೆ ಶತ್ರು. ವೇಗ ಮಿತಿ ಮೀರಿದಾಗ ವಾಲ್ವ್ ಕ್ಯಾಮಿನ ಹಿಂದೆ ಓಡಲಾರದೆ ತೇಲುತ್ತದೆ, ಮತ್ತು ಪಿಸ್ಟನ್ನಿಗೆ ಬಡಿಯುವ ಅಪಾಯವಿರುತ್ತದೆ.

ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ದೋಷ ಎಲ್ಲಿದೆಯೆಂದು ತಿಳಿಯಬೇಕು. ಇದೇ ಈ ಕೆಲಸದ ಮುಖ್ಯ ಭಾಗ, ಮತ್ತು ಬಹಳ ಮಂದಿ ಇದನ್ನೇ ಬಿಟ್ಟುಬಿಡುತ್ತಾರೆ. ಫ್ಲೈವೀಲನ್ನು ಕೈಯಿಂದ ಕಂಪ್ರೆಷನ್ನಿನ ಕಡೆಗೆ ನಿಧಾನವಾಗಿ ತಿರುಗಿಸಿ ಕಿವಿಗೊಡಬೇಕು. ಏರ್ ಫಿಲ್ಟರಿನಲ್ಲಿ ‘ಸುಂಯ್’ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿಸಿದರೆ ಎಗ್ಝಾಸ್ಟ್ ವಾಲ್ವ್, ಆಯಿಲ್ ಕೋಣೆಯ ಬ್ರೀದರಿನಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗ್. ಮೂರನೆಯದಾದರೆ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಮೊದಲೆರಡರಲ್ಲೂ ಮೊದಲು ಟ್ಯಾಪೆಟ್ ಸಂದು ನೋಡಬೇಕು. ಸಂದೇ ಇಲ್ಲದಿದ್ದರೆ ಒಳ್ಳೆಯ ಸ್ಪ್ರಿಂಗೂ ವಾಲ್ವನ್ನು ಪೂರ್ತಿ ಮುಚ್ಚಲಾರದು. ಸಂದು ಸರಿಯಿದ್ದು, ಸ್ಪ್ರಿಂಗ್ ಮುರಿದಿದ್ದರೆ ಅಥವಾ ರಾಕರನ್ನು ಒತ್ತಿದಾಗ ಪಕ್ಕದ ವಾಲ್ವಿಗಿಂತ ಸ್ಪಷ್ಟವಾಗಿ ಸಡಿಲವಾಗಿ ಕಂಡರೆ ಮಾತ್ರ ಮುಂದಿನ ಹೆಜ್ಜೆ. ಸೀಟು ಸುಟ್ಟಿದ್ದರೆ ಹೆಡ್ ಬಿಚ್ಚಿ ವಾಲ್ವ್ ಅರೆಯಲೇಬೇಕು; ಅದಕ್ಕೆ ಅಡ್ಡದಾರಿಯಿಲ್ಲ.

ಸ್ಪ್ರಿಂಗನ್ನು ಅದುಮುವ ಕೈ ಉಪಕರಣ ಎರಡು ಬಗೆಯದು. ದೊಡ್ಡ ‘ಸಿ’ ಆಕಾರದ ಕ್ಲಾಂಪ್ ಹೆಡ್ ಬಿಚ್ಚಿದ ಮೇಲೆ ಬಳಸುವಂಥದು. ಅದರ ಒಂದು ತುದಿ ವಾಲ್ವಿನ ಮುಖವನ್ನು ಹಿಡಿದರೆ ಇನ್ನೊಂದು ತುದಿ ಸ್ಪ್ರಿಂಗಿನ ತಟ್ಟೆಯನ್ನು ಒತ್ತುತ್ತದೆ. ಸನ್ನೆಗೋಲಿನ ಮಾದರಿಯದು ಹೆಡ್ ಇದ್ದಲ್ಲೇ ಇರುವಾಗ ರಾಕರಿನ ಬೋಲ್ಟನ್ನು ಆಧಾರ ಮಾಡಿಕೊಂಡು ತಟ್ಟೆಯನ್ನು ಕೆಳಗೆ ತಳ್ಳುತ್ತದೆ. ಗಿರಣಿಯವರಿಗೆ ಎರಡನೆಯದೇ ಹೆಚ್ಚು ಉಪಯೋಗಿ, ಏಕೆಂದರೆ ಹೆಡ್ ಗ್ಯಾಸ್ಕೆಟ್ ಕೆಡುವುದಿಲ್ಲ. ಇದರ ಬೆಲೆ ಒಂದು ಕ್ವಿಂಟಲ್ ತೊಗರಿಯ ಬೆಲೆಗಿಂತ ಬಹಳ ಕಡಿಮೆ. ಆದರೂ ಸ್ಕ್ರೂಡ್ರೈವರ್ ಮತ್ತು ಸುತ್ತಿಗೆಯಿಂದಲೇ ಈ ಕೆಲಸ ಮುಗಿಸುವ ಮಿಸ್ತ್ರಿಗಳು ಕಡಿಮೆಯಿಲ್ಲ. ಜಾರಿದ ಸ್ಕ್ರೂಡ್ರೈವರ್ ವಾಲ್ವಿನ ದಂಡಕ್ಕೆ ಗೀರು ಹಾಕಿದರೆ ಗೈಡ್ ಸವೆಯುತ್ತದೆ. ಚಿಮ್ಮಿದ ಸ್ಪ್ರಿಂಗ್ ಕಣ್ಣಿಗೆ ಬಡಿದರೆ ಅದರ ಬೆಲೆ ಕಟ್ಟುವವರಿಲ್ಲ. ಕನ್ನಡಕವಿಲ್ಲದೆ ಈ ಕೆಲಸಕ್ಕೆ ಯಾರನ್ನೂ ಕೂರಿಸಬಾರದು.

ಎಂಜಿನ್ ಪೂರ್ತಿ ತಣಿದ ಮೇಲೆ ಡೀಸೆಲ್ ಕಾಕ್ ಮುಚ್ಚಿ, ಬೆಲ್ಟ್ ತೆಗೆದು, ಬ್ಯಾಟರಿಯಿದ್ದರೆ ಅದರ ತಂತಿ ಬಿಡಿಸಬೇಕು. ಹೆಡ್ ತೆರೆಯದೆ ಸ್ಪ್ರಿಂಗ್ ತೆಗೆದಾಗ ವಾಲ್ವ್ ಸಿಲಿಂಡರಿನೊಳಗೆ ಬೀಳದಂತೆ ತಡೆಯುವುದೇ ಇಲ್ಲಿನ ಯುಕ್ತಿ. ಫ್ಲೈವೀಲಿನ ಗುರುತು ನೋಡಿ ಪಿಸ್ಟನ್ನನ್ನು ಮೇಲ್ತುದಿಗೆ ತಂದು ನಿಲ್ಲಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಆ ಸ್ಥಿತಿಯಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಉಳಿಯುವುದು ಅಲ್ಪ ಅಂತರ. ವಾಲ್ವ್ ಸ್ವಲ್ಪ ಇಳಿದು ಪಿಸ್ಟನ್ನಿನ ಮೇಲೆಯೇ ನಿಲ್ಲುತ್ತದೆ. ಫ್ಲೈವೀಲಿಗೆ ಎರಡೂ ಕಡೆಯಿಂದ ಮರದ ತುಂಡು ಕೊಟ್ಟು ಅಲುಗದಂತೆ ಮಾಡಬೇಕು. ಸ್ಪ್ರಿಂಗ್ ಹೊರಗಿರುವಾಗ ಯಾರಾದರೂ ಫ್ಲೈವೀಲ್ ತಿರುಗಿಸಿದರೆ ವಾಲ್ವ್ ಒಳಗೆ ಬೀಳುತ್ತದೆ, ಆಗ ಹೆಡ್ ಬಿಚ್ಚದೆ ಗತಿಯಿಲ್ಲ. ಪೆಟ್ರೋಲ್ ಎಂಜಿನ್ನುಗಳಲ್ಲಿ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಹತ್ತಿಯ ಹಗ್ಗ ತೂರಿಸಿ, ಹೊರತುದಿಯನ್ನು ಕೈಯಲ್ಲಿಟ್ಟುಕೊಂಡು, ಪಿಸ್ಟನ್ನನ್ನು ಮೇಲೆತ್ತಿ ವಾಲ್ವನ್ನು ಹಿಡಿದಿಡುವ ಉಪಾಯವೂ ಇದೆ.

ರಾಕರ್ ತೆಗೆದ ಕೂಡಲೇ ಪುಶ್ ರಾಡಿನ ರಂಧ್ರಗಳಿಗೆ ಬಟ್ಟೆ ತುರುಕಬೇಕು. ಸ್ಪ್ರಿಂಗಿನ ತಟ್ಟೆಯನ್ನು ವಾಲ್ವಿನ ದಂಡಕ್ಕೆ ಕಚ್ಚಿ ಹಿಡಿದಿರುವ ಎರಡು ಸಣ್ಣ ಕಾಟರ್ ತುಂಡುಗಳು ಈ ರಂಧ್ರಗಳಲ್ಲೇ ಬಿದ್ದು ಆಯಿಲ್ ಕೋಣೆ ಸೇರುವುದು. ತಟ್ಟೆಯ ಮೇಲೆ ಕೊಡತಿಯಿಂದ ಹಗುರವಾಗಿ ಒಂದು ಏಟು ಕೊಟ್ಟರೆ ಅಂಟಿಕೊಂಡ ಕಾಟರ್ ಸಡಿಲಾಗುತ್ತದೆ. ಬಳಿಕ ಸನ್ನೆಗೋಲನ್ನು ನೇರವಾಗಿ ಒತ್ತಿ, ಅಯಸ್ಕಾಂತದಿಂದ ಕಾಟರ್ ಎತ್ತಿಕೊಳ್ಳಬೇಕು. ಒಮ್ಮೆಗೆ ಒಂದೇ ವಾಲ್ವ್. ಎರಡನ್ನೂ ಬಿಚ್ಚಿ ಗೊಂದಲ ಮಾಡಿಕೊಳ್ಳಬಾರದು. ಸ್ಪ್ರಿಂಗ್ ಹೊರಬಂದಾಗ ವಾಲ್ವಿನ ದಂಡವನ್ನು ಅಕ್ಕಪಕ್ಕ ಅಲುಗಿಸಿ ನೋಡಬೇಕು. ಹೆಚ್ಚು ಅಲುಗಿದರೆ ಗೈಡ್ ಸವೆದಿದೆ ಎಂದರ್ಥ. ಆಗ ಹೊಸ ಸ್ಪ್ರಿಂಗ್ ಸುಗ್ಗಿ ದಾಟಿಸಬಹುದು. ಸುಗ್ಗಿಯ ನಂತರ ಹೆಡ್ ಕೆಲಸಕ್ಕೆ ಕಳಿಸಬೇಕು.

ಹಳೆಯ ಸ್ಪ್ರಿಂಗನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ ಮೂಲೆಮಟ್ಟ ಹಿಡಿದರೆ ವಾಲಿಕೆ ಕಾಣುತ್ತದೆ. ಹೊಸದರ ಪಕ್ಕದಲ್ಲಿಟ್ಟರೆ ಕುಗ್ಗಿದ ಎತ್ತರ ತಿಳಿಯುತ್ತದೆ. ಎತ್ತರ ಸರಿಯಿದ್ದೂ ಬಲ ಕಡಿಮೆಯಾಗಿರಬಹುದು. ಆದ್ದರಿಂದ ಹೊಸದು ಹಳೆಯದನ್ನು ತುದಿಗೆ ತುದಿ ಸೇರಿಸಿ, ನಡುವೆ ಒಂದು ತಗಡಿಟ್ಟು, ವೈಸಿನಲ್ಲಿ ನಿಧಾನವಾಗಿ ಅದುಮಬೇಕು. ಎರಡರ ಮೇಲೂ ಬೀಳುವ ಒತ್ತಡ ಒಂದೇ. ಬಲಗುಂದಿದ್ದು ಹೆಚ್ಚು ಕುಗ್ಗುತ್ತದೆ. ಹಳೆಯದನ್ನು ಕಾಯಿಸಿ ಎಳೆದು ಉದ್ದ ಮಾಡುವವರೂ ಇದ್ದಾರೆ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ, ಎಳೆದ ಉದ್ದ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೆಳಗೆ ವಾಷರ್ ಕೊಟ್ಟು ಎತ್ತರಿಸುವುದು ಒಂದು ರಾತ್ರಿ ಕಳೆಯುವ ಉಪಾಯ. ವಾಷರ್ ದಪ್ಪವಾದರೆ ವಾಲ್ವ್ ತೆರೆಯುವಾಗ ಸುರುಳಿಗಳು ಒಂದಕ್ಕೊಂದು ತಾಗಿ ಪುಶ್ ರಾಡ್ ಬಾಗುತ್ತದೆ.

ಹೊಸ ಸ್ಪ್ರಿಂಗಿನ ಒಂದು ತುದಿಯಲ್ಲಿ ಸುರುಳಿಗಳು ಒತ್ತಾಗಿದ್ದರೆ ಆ ತುದಿ ಹೆಡ್ಡಿನ ಕಡೆಗಿರಬೇಕು. ಕಾಟರಿಗೆ ಗ್ರೀಸ್ ಹಚ್ಚಿದರೆ ದಂಡಕ್ಕೆ ಅಂಟಿ ನಿಲ್ಲುತ್ತದೆ. ಸನ್ನೆಗೋಲನ್ನು ಒಮ್ಮೆಲೇ ಬಿಡದೆ ಮೆಲ್ಲನೆ ಸಡಿಲಿಸಿ, ಎರಡೂ ತುಂಡು ಸಮನಾಗಿ ಕೂತಿವೆಯೇ ನೋಡಿ, ದಂಡದ ತುದಿಗೆ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಈ ಏಟಿಗೆ ಕಾಟರ್ ಹಾರುವುದಾದರೆ ಇಲ್ಲಿಯೇ ಹಾರಲಿ. ಓಡುವ ಎಂಜಿನ್ನಿನಲ್ಲಿ ಹಾರಿದರೆ ವಾಲ್ವ್ ಪಿಸ್ಟನ್ನನ್ನು ಒಡೆಯುತ್ತದೆ.

ಬಿಡಿಭಾಗಗಳ ವರ್ತಕರಿಗೂ ಇಲ್ಲಿ ಒಂದು ಮಾತಿದೆ. ಒಂದು ಸ್ಪ್ರಿಂಗ್ ಕುಗ್ಗಿದ್ದರೆ ಅಷ್ಟೇ ದುಡಿದ ಇನ್ನೊಂದು ಹೆಚ್ಚು ದಿನ ಬಾಳದು. ಆದ್ದರಿಂದ ಜೋಡಿಯಾಗಿ, ಹೊಸ ಕಾಟರ್ ಸಹಿತ, ಎಂಜಿನ್ನಿನ ಮಾದರಿ ಕೇಳಿಯೇ ಕೊಡುವುದು ಗಿರಾಕಿಗೂ ಅಂಗಡಿಗೂ ಕ್ಷೇಮ. ನೋಡಲು ಒಂದೇ ರೀತಿಯಿದ್ದರೂ ತಂತಿಯ ದಪ್ಪದಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಬಲದಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಸುಗ್ಗಿಯ ಕಾಲದಲ್ಲಿ ಸನ್ನೆಗೋಲಿನ ಉಪಕರಣವೊಂದನ್ನು ಅಂಗಡಿಯಲ್ಲಿಟ್ಟು ಠೇವಣಿ ಪಡೆದು ಎರವಲು ಕೊಟ್ಟರೆ ಬರುವ ಲಾಭ ಬಾಡಿಗೆಯದಲ್ಲ. ಆ ಗಿರಣಿಯವರು ಬೆಲ್ಟಿಗೂ ಫಿಲ್ಟರಿಗೂ ಅದೇ ಅಂಗಡಿಗೆ ಬರುತ್ತಾರೆ.

ರಾಕರ್ ಕೂರಿಸಿದ ನಂತರ ತಯಾರಕರ ಕೈಪಿಡಿಯಲ್ಲಿ ಹೇಳಿದ ಟ್ಯಾಪೆಟ್ ಸಂದನ್ನು ಫೀಲರ್ ಗೇಜಿನಿಂದ ಹೊಂದಿಸಬೇಕು. ಮರದ ತುಂಡು, ಬಟ್ಟೆ ತೆಗೆದು, ಎರಡು ಪೂರ್ಣ ಸುತ್ತು ಕೈಯಿಂದ ತಿರುಗಿಸಿ ಎಲ್ಲೂ ತಡೆಯಿಲ್ಲವೆಂದು ಖಚಿತವಾದ ಮೇಲೆ ಚಾಲೂ ಮಾಡಬೇಕು. ಅರ್ಧ ಗಂಟೆ ಹೊರೆಯಿಲ್ಲದೆ ಓಡಿಸಿ, ನಿಲ್ಲಿಸಿ, ಸಂದನ್ನು ಮತ್ತೊಮ್ಮೆ ಅಳೆದು, ಬಳಿಕ ಬೆಲ್ಟ್ ಏರಿಸಬಹುದು.